ಹತ್ತು ಗ್ರಾಂ ಹಕ್ಕಿಯ ಬೆನ್ನು ಹತ್ತಿ

ಸಿಂಧನೂರಿನಿಂದ ಮಸ್ಕಿಯ ಮೇಲೆ ಲಿಂಗಸುಗೂರಿಗೆ ಹೋಗುವ ಬಸ್ಸಿನ ಕಿಟಕಿಯಿಂದ ನೋಡಿದವರಿಗೆ ಕಾಡು ಎನ್ನುವಂಥದ್ದೇನೂ ಕಣ್ಣಿಗೆ ಬೀಳುವುದಿಲ್ಲ. ಮೊದಲು ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಭತ್ತದ ಗದ್ದೆಗಳು, ಆಮೇಲೆ ಎರೆಹೊಲಗಳು, ಮಸ್ಕಿ ಸಮೀಪಿಸಿದಂತೆ ಬಂಡೆ ಪೇರಿಸಿಟ್ಟಂಥ ಗುಡ್ಡಗಳು. ಗುಡ್ಡದ ಬುಡದಲ್ಲಿ ಜಾಲಿ, ಬೇವು, ಕಾರೆಮುಳ್ಳು. ಆದರೆ ಹಕ್ಕಿಗೆ ಅಷ್ಟು ಸಾಕು. ಈ ಕುರುಚಲಿನಲ್ಲಿ ಸೂರಕ್ಕಿ, ಟುವ್ವಿಹಕ್ಕಿ, ಉಲಿಯಕ್ಕಿ, ಮಧುರಕಂಠ, ಬೀಸಣಿಗೆ ಬಾಲದ ನೊಣಹಿಡುಕಗಳು ಸಂಸಾರ ಹೂಡಿವೆ. ಚಳಿಗಾಲಕ್ಕೆ ಹಿಮಾಲಯದ ಆಚೆಯಿಂದಲೂ ಪುಟ್ಟ ಅತಿಥಿಗಳು ಬಂದು ಸೇರುತ್ತವೆ. ಸೂರಕ್ಕಿ, ಟುವ್ವಿಹಕ್ಕಿಗಳ ತೂಕ ಹತ್ತು ಗ್ರಾಂ ದಾಟುವುದೇ ಅಪರೂಪ.

ಕೈಗೆ ಮೊಬೈಲು ಬಂದ ಮೇಲೆ ಈ ಭಾಗದ ಹುಡುಗರಿಗೂ ಹಕ್ಕಿಗಳ ಫೋಟೋ ತೆಗೆಯುವ ಹುಚ್ಚು ಹತ್ತಿದೆ. ಒಳ್ಳೆಯ ಹುಚ್ಚೇ. ಆದರೆ ಮೊದಲ ದಿನವೇ ನಿರಾಶೆ ಕಾದಿರುತ್ತದೆ. ಕೊಂಬೆಯ ಮೇಲೆ ಕುಳಿತಿದ್ದ ಹಕ್ಕಿ ಗುಂಡಿ ಒತ್ತುವಷ್ಟರಲ್ಲಿ ಮಾಯ. ಸಿಕ್ಕಿದರೂ ಚಿತ್ರದಲ್ಲಿ ಒಂದು ಚುಕ್ಕೆ. ಅದು ಹಕ್ಕಿಯೋ ಒಣಗಿದ ಎಲೆಯೋ ಹೇಳುವುದು ಕಷ್ಟ.

ಇದಕ್ಕೆ ಕಾರಣ ಪಠ್ಯಪುಸ್ತಕದಲ್ಲೇ ಇದೆ. ದೇಹ ಚಿಕ್ಕದಾದಷ್ಟೂ ತೂಕಕ್ಕೆ ಹೋಲಿಸಿದರೆ ಅದರ ಹೊರಮೈ ಹೆಚ್ಚು, ಆದ್ದರಿಂದ ಶಾಖ ಬೇಗ ಸೋರಿಹೋಗುತ್ತದೆ. ಸುಮಾರು ನಲವತ್ತು ಡಿಗ್ರಿ ಮೈಕಾವು ಉಳಿಸಿಕೊಳ್ಳಲು ಪುಟ್ಟ ಹಕ್ಕಿ ಹಗಲೆಲ್ಲ ಹುಳ, ಮಕರಂದ ಹುಡುಕುತ್ತಲೇ ಇರಬೇಕು. ಅದರ ಚಡಪಡಿಕೆ ಹೊಟ್ಟೆಪಾಡಿನ ಓಡಾಟ.

ಇನ್ನು ವೇಗದ ಲೆಕ್ಕ. ಹಕ್ಕಿ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಹಾರುತ್ತಿದೆ ಎನ್ನೋಣ. ಕ್ಯಾಮೆರಾದ ಕಣ್ಣು ಸೆಕೆಂಡಿನ 60ನೇ ಒಂದು ಭಾಗ ತೆರೆದಿದ್ದರೆ ಅಷ್ಟರಲ್ಲಿ ಹಕ್ಕಿ ಎಂಟು ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಹತ್ತು ಸೆಂಟಿಮೀಟರ್ ಉದ್ದದ ಹಕ್ಕಿಯ ಚಿತ್ರ ಹೊಗೆಯ ಎಳೆಯಾಗದೆ ಇನ್ನೇನಾದೀತು? 1000ನೇ ಒಂದು ಭಾಗ ತೆರೆದರೆ ಚಲನೆ ಬರೀ ಐದು ಮಿಲಿಮೀಟರ್. ಆದರೆ ಅಷ್ಟು ಕಡಿಮೆ ಹೊತ್ತಿನಲ್ಲಿ ಒಳಗೆ ಬರುವ ಬೆಳಕೂ ಕಡಿಮೆ. ಕುರುಚಲಿನ ನೆರಳಿನಲ್ಲಿ ಅದು ಸಾಲುವುದಿಲ್ಲ.

ಗಾತ್ರದ ಲೆಕ್ಕ ಇನ್ನೂ ಕಠಿಣ. ಐದು ಮೀಟರ್ ದೂರದ ಸೂರಕ್ಕಿ, 400 ಮಿ.ಮೀ. ಲೆನ್ಸಿನ ಕ್ಯಾಮೆರಾದೊಳಗೆ ಎಂಟು ಮಿಲಿಮೀಟರ್ ಉದ್ದದ ಬಿಂಬವಾಗುತ್ತದೆ. ಮೊಬೈಲಿನ ಮುಖ್ಯ ಲೆನ್ಸಿನ ಸಂಗಮದೂರ ಐದಾರು ಮಿಲಿಮೀಟರ್ ಮಾತ್ರ. ಹಾಗಾಗಿ ಅದರೊಳಗಿನ ಬಿಂಬ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಉದ್ದ ಲೆನ್ಸಿಗೂ ಅದರದೇ ಕಷ್ಟವಿದೆ. ಐದು ಮೀಟರ್ ದೂರದಲ್ಲಿ ಅದು ಸ್ಪಷ್ಟವಾಗಿ ತೋರಿಸುವ ಆಳ ಸುಮಾರು ಐದು ಸೆಂಟಿಮೀಟರ್. ಕೊಕ್ಕು ಸ್ಪಷ್ಟವಾದರೆ ಬಾಲ ಮಸುಕು.

ಬೆಳಕಿನ ದಿಕ್ಕೂ ಮುಖ್ಯ. ಗಂಡು ನೇರಳೆ ಸೂರಕ್ಕಿ ದೂರಕ್ಕೆ ಕಾಗೆಯಷ್ಟೇ ಕಪ್ಪು. ಬೆಳಗಿನ ಸೂರ್ಯ ನೋಡುವವರ ಬೆನ್ನಿಗಿದ್ದರೆ ಮಾತ್ರ ಅದರ ಗರಿ ನೀಲಿ ನೇರಳೆಯಾಗಿ ಹೊಳೆಯುತ್ತದೆ. ಆ ಹೊಳಪು ಸಾಬೂನಿನ ಗುಳ್ಳೆಯಲ್ಲಿ ಕಾಣುವಂತೆ ಗರಿಯ ಸೂಕ್ಷ್ಮ ಪದರಗಳಿಂದ ಬೆಳಕು ಪ್ರತಿಫಲಿಸಿ ಹುಟ್ಟುವ ಬಣ್ಣ. "ಅಜ್ಜಾ, ಇಲ್ಲಿ ಹಕ್ಕಿ ಯಾವಾಗ ಬರ್ತಾವ?" ಎಂದು ಕುರಿ ಕಾಯುವವರನ್ನು ಕೇಳಿದರೆ ಉತ್ತರ ಸಿದ್ಧ: "ಮುಂಜಾನಿ ಲಗೂನ ಬಾ ತಮ್ಮಾ, ಬಿಸಿಲೇರಿದ ಮ್ಯಾಲೆ ಒಂದೂ ಕಾಣಂಗಿಲ್ಲ." ಕ್ಯಾಮೆರಾದ ಪುಸ್ತಕಗಳು ಹೇಳುವುದೂ ಅದನ್ನೇ.

ಹಿಂದಿನವರು ಇದನ್ನೆಲ್ಲ ಫಿಲ್ಮ್ ರೀಲಿನಲ್ಲಿ ಸಾಧಿಸಿದರು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ, ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಹಣಕಾಸು ಸಚಿವರಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆ ಮುಂತಾದವರು ಈ ನಾಡಿನ ವನ್ಯಜೀವಿಗಳನ್ನು ಹಾಗೆ ಸೆರೆಹಿಡಿದವರು. ಒಂದು ರೀಲಿಗೆ 36 ಚಿತ್ರ. ತೊಳೆದು ಬರುವವರೆಗೆ ಏನು ಸಿಕ್ಕಿದೆ ಎಂಬುದೇ ತಿಳಿಯದು. ಆದ್ದರಿಂದ ಗುಂಡಿ ಒತ್ತುವ ಮೊದಲು ಹಕ್ಕಿಯ ದಿನಚರಿಯನ್ನು ಓದಲೇಬೇಕಿತ್ತು. ಈಗ ಸಾವಿರ ಚಿತ್ರ ತೆಗೆದು ಸಾವಿರವನ್ನೂ ಅಳಿಸಬಹುದು. ಅನುಕೂಲವೇನೋ ದೊಡ್ಡದೇ, ಆದರೆ ಕಾಯುವ ಅಭ್ಯಾಸ ಕಡಿಮೆಯಾಗಿದೆ.

ಕಾಯಲಾರದವರಿಗೆ ಸುಲಭವಾಗಿ ಕಾಣುವ ದಾರಿ ಗೂಡು. ಎಲ್ಲಿ ಹಾರಿದರೂ ಹಕ್ಕಿ ಗೂಡಿಗೆ ಮರಳಲೇಬೇಕಲ್ಲ! ಹೊಲಿದ ಎಲೆಯೊಳಗಿನ ಟುವ್ವಿಹಕ್ಕಿಯ ಮರಿಗಳು ಕಾಣಲೆಂದು ಅಡ್ಡಬಂದ ಎರಡು ಎಲೆ ಕಿತ್ತರೆ, ಕೊಂಬೆಯೊಂದನ್ನು ಬಗ್ಗಿಸಿ ಕಟ್ಟಿದರೆ ಚಿತ್ರವೇನೋ ಚೆನ್ನಾಗಿ ಬರುತ್ತದೆ. ಚಿತ್ರ ತೆಗೆದವರು ಮನೆಗೆ ಹೋಗುತ್ತಾರೆ, ಬಿಸಿಲು ಅಲ್ಲೇ ಉಳಿಯುತ್ತದೆ. ರಾಯಚೂರು ಜಿಲ್ಲೆಯ ಬೇಸಿಗೆ ನಲವತ್ತು ಡಿಗ್ರಿ ದಾಟುವಂಥದ್ದು. ಗರಿ ಮೂಡದ ಮರಿಗೆ ಆ ಎರಡು ಎಲೆಗಳೇ ಛಾವಣಿ. ಎಲೆಯ ಮರೆ ಹೋದರೆ ಕಾಗೆಗೂ ಗೂಡು ಕಾಣುತ್ತದೆ. ಮನುಷ್ಯರು ಹತ್ತಿರ ನಿಂತಿರುವಷ್ಟು ಹೊತ್ತು ತಾಯಿ ಹುಳ ಕಚ್ಚಿಕೊಂಡು ದೂರದ ಕೊಂಬೆಯಲ್ಲೇ ಕೂಗುತ್ತಿರುತ್ತದೆ. ಹಾಗೆ ಕಳೆದ ಅರ್ಧ ಗಂಟೆ ಮರಿಗಳ ಪಾಲಿಗೆ ಹಲವು ತುತ್ತುಗಳ ನಷ್ಟ. ಮೊಬೈಲಿನಲ್ಲಿ ಕೂಗು ನುಡಿಸಿ ಹಕ್ಕಿಯನ್ನು ಕರೆಯುವುದೂ ಇಂಥದ್ದೇ. ತನ್ನ ಎಲ್ಲೆಯೊಳಗೆ ಪ್ರತಿಸ್ಪರ್ಧಿ ನುಗ್ಗಿದನೆಂದು ಅದು ಉಣ್ಣುವುದನ್ನು ಬಿಟ್ಟು ಜಗಳಕ್ಕೆ ಬರುತ್ತದೆ.

ತಾಯಿತಂದೆಗಳೂ ತಿಳಿಯಬೇಕಾದ ಮಾತೊಂದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಎಂಬ ಪದದ ಅರ್ಥ ಬಂದೂಕಿಗೆ ಸೀಮಿತವಲ್ಲ. ಕಾಡುಹಕ್ಕಿಗಳ ಮೊಟ್ಟೆ, ಗೂಡುಗಳಿಗೆ ತೊಂದರೆ ಕೊಡುವುದೂ ಅದರೊಳಗೆ ಬರುತ್ತದೆ. ಈ ವಿಚಾರ ನಮ್ಮ ನೆಲಕ್ಕೆ ಹೊಸದೂ ಅಲ್ಲ. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇದೆಯೆಂದು ಮಕ್ಕಳು ಓದಿರುತ್ತಾರೆ. ಅದೇ ದೊರೆ ತನ್ನ ಐದನೆಯ ಸ್ತಂಭಶಾಸನದಲ್ಲಿ ಗಿಳಿ, ಗೊರವಂಕ, ಚಕ್ರವಾಕ, ಹಂಸ ಮುಂತಾದವನ್ನು ಕೊಲ್ಲಬಾರದೆಂದು ಪಟ್ಟಿ ಮಾಡಿ ಬರೆಸಿದ್ದ.

ಹಾಗಾದರೆ ಹುಡುಗರು ಚಿತ್ರ ತೆಗೆಯಬಾರದೇ? ಖಂಡಿತ ತೆಗೆಯಬೇಕು. ಅದಕ್ಕೆ ಮನೆಯವರು ಸಾಲ ಮಾಡಿ ಲೆನ್ಸು ಕೊಡಿಸಬೇಕಿಲ್ಲ. ಬೇಸಿಗೆಯಲ್ಲಿ ಬೇವಿನ ನೆರಳಿಗೆ, ಬೆಕ್ಕು ಹೊಂಚು ಹಾಕಲಾಗದ ಎತ್ತರದಲ್ಲಿ, ಆಳವಿಲ್ಲದ ಮಣ್ಣಿನ ತಟ್ಟೆಯೊಂದನ್ನು ಇಟ್ಟು ದಿನವೂ ತೊಳೆದು ನೀರು ತುಂಬಿಸಿದರೆ ಸಾಕು. ಕೆಲವು ದಿನಗಳಲ್ಲಿ ಹಕ್ಕಿಗಳಿಗೆ ಜಾಗ ಗೊತ್ತಾಗುತ್ತದೆ. ಆಮೇಲೆ ತಟ್ಟೆಯಿಂದ ಅರ್ಧ ಮೀಟರ್ ದೂರದಲ್ಲಿ ಮೊಬೈಲನ್ನು ಕಲ್ಲಿಗೆ ಒರಗಿಸಿ ನಿಲ್ಲಿಸಿ, ವಿಡಿಯೊ ಚಾಲೂ ಮಾಡಿ, ದೂರ ಹೋಗಿ ಕೂತುಕೊಳ್ಳಬಹುದು. ಅಷ್ಟು ಸಮೀಪದಲ್ಲಿ ಬಿಂಬ ಮೊದಲಿನ ಹತ್ತು ಪಟ್ಟು ದೊಡ್ಡದು. ನೀರು ಕುಡಿಯುವ ಹಕ್ಕಿ ಒಂದೆರಡು ಕ್ಷಣ ನಿಲ್ಲುತ್ತದೆ ಕೂಡ. ಯಾವ ಹಕ್ಕಿ, ಯಾವ ತಾರೀಖು, ಎಷ್ಟು ಗಂಟೆ ಎಂದು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟರೆ ವರ್ಷದ ಕೊನೆಗೆ ತಮ್ಮ ಊರಿನ ಹಕ್ಕಿಗಳ ಲೆಕ್ಕ ಆ ಮಕ್ಕಳ ಕೈಯಲ್ಲೇ ಇರುತ್ತದೆ.