ಒಂದು ನಿಮಿಷ ನಿಂತ ಕಾರು, ನಮ್ಮ ಹಳೇ ಇಂಜಿನ್ನು

ರಾಗಿ ಕಣದ ಕೆಲಸ ಮುಗೀತು, ಈಗ ಸ್ವಲ್ಪ ಬಿಡುವು. ಇವತ್ತು ಬೆಳೆ ವಿಚಾರ ಅಲ್ಲ, ಇಂಜಿನ್ ವಿಚಾರ.

ನಮ್ಮಪ್ಪ ತಂದಿದ್ದ ಐದು ಎಚ್‌ಪಿ ಡೀಸೆಲ್ ಇಂಜಿನ್ನು ಬೋರು ಆದಮೇಲೆ ಕೊಟ್ಟಿಗೆ ಮೂಲೆ ಸೇರಿತ್ತು. ಹೋದ ವಾರ ಪಕ್ಕದೂರಿನವರೊಬ್ಬರು ಕೊಳ್ಳೋಕೆ ಬಂದ್ರು. ಹ್ಯಾಂಡಲ್ ಹಾಕಿ ತಿರುಗಿಸಿದೆ, ಎರಡನೇ ಸಲಕ್ಕೆ ಡುಬುಡುಬು ಅಂತು. "ಹೆಂಗೈತಣ್ಣ, ಕೈ ಕೊಡಲ್ವಾ?" ಅಂದ್ರು. "ಒಂದು ದಿನಾನೂ ನಿಂತಿಲ್ಲ" ಅಂದುಬಿಟ್ಟೆ. ಹದಿನಾರು ಸಾವಿರಕ್ಕೆ ಮಾತಾಯ್ತು, ಸಾವಿರ ಮುಂಗಡ ಕೊಟ್ಟು ಹೋದ್ರು.

ಅವತ್ತು ರಾತ್ರಿ ಮಗ ಮೊಬೈಲಲ್ಲಿ ಒಂದು ಹಳೇ ಕಾರು ತೋರಿಸಿದ. ರೋಲ್ಸ್ ರಾಯ್ಸ್, 1907ರದ್ದು. ಬೆಳ್ಳಿ ಬಣ್ಣ, ಅದಕ್ಕೇ ಸಿಲ್ವರ್ ಘೋಸ್ಟ್ ಅಂತ ಹೆಸರು, ಬೆಳ್ಳಿ ದೆವ್ವ! ನಂಬರ್ ಎಎಕ್ಸ್ 201. ಮಹಾರಾಜರ ಕಾರು ಅಂತ ನಾವು ಬಾಯಿ ಬಿಟ್ಕೊಂಡು ನೋಡೋದು ಇದೇ ಕಂಪನಿದು. ಆದ್ರೆ ಇಂಜಿನ್ ಮಾಡಿದ ಹೆನ್ರಿ ರಾಯ್ಸ್ ಹಿಟ್ಟಿನ ಗಿರಣಿಯವನ ಮಗ. ಚಿಕ್ಕವನಿದ್ದಾಗ ಬೀದೀಲಿ ಪೇಪರ್ ಮಾರಿದವನು. ನನ್ನ ಎಸ್ಸೆಸ್ಸೆಲ್ಸಿ ಅವನ ಓದಿಗಿಂತ ಜಾಸ್ತಿನೇ.

ಆಗ ಮೋಟಾರು ಕಾರು ಅಂದ್ರೆ ದಾರೀಲಿ ಕೆಟ್ಟು ನಿಲ್ಲೋ ವಸ್ತು ಅಂತಲೇ ಜನರ ಲೆಕ್ಕ. ಕಂಪನಿ ನೋಡಿಕೊಳ್ಳುತ್ತಿದ್ದ ಕ್ಲಾಡ್ ಜಾನ್ಸನ್ ಅನ್ನೋರು ಈ ಕಾರನ್ನ ಲಂಡನ್ನಿಂದ ಸ್ಕಾಟ್ಲೆಂಡಿನ ಗ್ಲಾಸ್ಗೋಗೆ, ಮತ್ತೆ ವಾಪಸ್ಸು, ಹಗಲೂ ರಾತ್ರಿ ಓಡಿಸಿದರು. ಒಂದು ಕಡೆಗೇ ಆರುನೂರು ಕಿಲೋಮೀಟರ್ ಮೇಲೆ. ಭಾನುವಾರ ಮಾತ್ರ ರಜ. ರಾಯಲ್ ಆಟೋಮೊಬೈಲ್ ಕ್ಲಬ್ಬಿನವರು ಜೊತೇಲಿ ಕೂತು ಬರಕೊಳ್ಳುತ್ತಿದ್ದರು. ನಾವಾಗಿ ನಿಲ್ಲಿಸಿದ್ದು ಲೆಕ್ಕಕ್ಕಿಲ್ಲ, ಟೈರ್ ಹೋದದ್ದೂ ಇಲ್ಲ (ಆಗಿನ ಟೈರು, ಆಗಿನ ರಸ್ತೆ, ಎಷ್ಟು ಹೋಗಿರಬೇಡ!). ಕಾರು ತಾನಾಗಿ ನಿಂತರೆ ಮಾತ್ರ ಬರೆಯಬೇಕು.

629ನೇ ಮೈಲಿಗೆ ನಿಂತೇಬಿಟ್ತು. ಏನಾಗಿತ್ತು ಗೊತ್ತಾ? ಪೆಟ್ರೋಲ್ ನಲ್ಲಿ ರಸ್ತೆ ಕುಲುಕಿಗೆ ತಾನೇ ಮುಚ್ಚಿಕೊಂಡಿತ್ತು. ತಿರುಗಿಸಿ ಬಿಟ್ರೆ ಮುಗೀತು, ಒಂದು ನಿಮಿಷದ ಕೆಲಸ. ಆ ಒಂದು ನಿಮಿಷವನ್ನೂ ಬರೆದರು. ಅಲ್ಲಿಂದ 15,000 ಮೈಲಿ ಮುಟ್ಟೋವರೆಗೆ ಮತ್ತೆ ನಿಲ್ಲಲಿಲ್ಲ. ಕಳೆದು ನೋಡಿ, 14,371 ಮೈಲಿ, ನಮ್ಮ ಲೆಕ್ಕಕ್ಕೆ 23,000 ಕಿಲೋಮೀಟರ್ ದಾಟುತ್ತೆ. ಅವರು ಹೇಳಿಕೊಂಡಿದ್ದೂ ಅಷ್ಟೇ, ದುಂಡಗೆ ಹದಿನೈದು ಸಾವಿರ ಅನ್ನಲಿಲ್ಲ.

ನಂಗೆ ಇನ್ನೂ ಹಿಡಿಸಿದ್ದು ಆಮೇಲಿನ ಕೆಲಸ. ಓಡಿ ಬಂದ ಇಂಜಿನ್ನಿಗೆ ಹಾರ ಹಾಕಿ ಕೂರಲಿಲ್ಲ, ಕ್ಲಬ್ಬಿನವರು ಪೂರ್ತಿ ಬಿಚ್ಚಿ ಅಳೆದರು. ಇಂಜಿನ್ ಸರಿ. ಸ್ಟೀರಿಂಗಿನ ಒಂದೆರಡು ಕಡೆ ಮಾತ್ರ ಸವೆತ, ಅದೂ ಇಂಚನ್ನ ಸಾವಿರ ಪಾಲು ಮಾಡಿದ್ರೆ ಅದರಲ್ಲಿ ಒಂದು ಪಾಲಿನಷ್ಟು. ಮ್ಯಾಗ್ನೆಟೋ ತಿರುಗಿಸೋ ಕಡೆ ಸಣ್ಣ ಜಾಯಿಂಟು ಬದಲಾಯಿಸಬೇಕಿತ್ತು, ನೀರಿನ ಪಂಪಿಗೆ ಪ್ಯಾಕಿಂಗ್ ಹಾಕಬೇಕಿತ್ತು. ಹೊಸದರಂಗೆ ಮಾಡೋಕೆ ಬೇಕಾದ ಸಾಮಾನಿಗೆ ಎರಡು ಪೌಂಡು, ಎರಡು ಶಿಲಿಂಗು, ಏಳು ಪೆನ್ನಿ. ಆಗ ಪೌಂಡಿಗೆ ಹದಿನೈದು ರೂಪಾಯಿ. ಮೂವತ್ತೆರಡು ರೂಪಾಯಿ ಆಯ್ತು ಅನ್ನಿ.

ಹೆಂಗೆ ಸವೀಲಿಲ್ಲ ಅಂದ್ರೆ, ಎಣ್ಣೆ. ಆಗಿನ ಬಹಳ ಇಂಜಿನ್ನುಗಳಲ್ಲಿ ಎಣ್ಣೆ ಎರಚಿಕೊಂಡು ಹೋಗಿ ಹೆಂಗೋ ತಲುಪಬೇಕಿತ್ತು. ರಾಯ್ಸ್ ಪಂಪಿಟ್ಟು, ಒತ್ತಡದಲ್ಲಿ ಕ್ರ್ಯಾಂಕಿನ ಬೇರಿಂಗಿಗೆ ಎಣ್ಣೆ ತಳ್ಳಿದ. ಆರು ಸಿಲಿಂಡರಿಗೆ ಏಳು ಬೇರಿಂಗು ಕೊಟ್ಟಿದ್ದ.

ಎಣ್ಣೆ ಅಂದ ತಕ್ಷಣ ನಂಗೆ ನಿದ್ದೆ ಹೋಯ್ತು. ಯಾಕಂದ್ರೆ ನಮ್ಮ ಇಂಜಿನ್ ನಿಂತಿತ್ತು. ನಂಗಾಗ ಇಪ್ಪತ್ತೆರಡು ವರ್ಷ. ಮೆಣಸಿನ ಗಿಡಕ್ಕೆ ರಾತ್ರಿ ನೀರು ಬಿಟ್ಟು, ಎಣ್ಣೆ ಎಷ್ಟಿದೆ ನೋಡದೇ ಬದುವಿನ ಮೇಲೆ ಮಲಗಿಬಿಟ್ಟೆ. ಎಚ್ಚರ ಆಗಿದ್ದು ಸದ್ದು ನಿಂತಾಗ. ಪಿಸ್ಟನ್ನು ಲೈನರಿಗೆ ಕಚ್ಚಿಕೊಂಡಿತ್ತು, ಹ್ಯಾಂಡಲ್ ಅಲ್ಲಾಡಲಿಲ್ಲ. ಅಪ್ಪನಿಗೆ "ಡೀಸೆಲ್ ಖಾಲಿ" ಅಂದೆ. ಅಪ್ಪ ಮದುವೆಗೆ ಅಂತ ಊರಿಗೆ ಹೋದ ನಾಲ್ಕು ದಿನದಲ್ಲಿ ಎರಡು ಮೂಟೆ ರಾಗಿ ಮಾರಿ, ಪಿಸ್ಟನ್ ಹೊಸದು ಹಾಕಿಸಿದೆ. ಲೈನರ್ ಉಜ್ಜಿ ಅದನ್ನೇ ಹಾಕಿದ್ರು, ದುಡ್ಡು ಸಾಲಲಿಲ್ಲ. ಅಪ್ಪ ಈಗಿಲ್ಲ. ಅವರಿಗೆ ನಾನು ಕೊನೇವರೆಗೂ ಹೇಳಲಿಲ್ಲ.

ಬೆಳಿಗ್ಗೆ ಅವರಿಗೆ ಫೋನ್ ಮಾಡಿದೆ. "ಅಣ್ಣ, ಒಂದ್ಸಲ ನಿಂತಿತ್ತು. ಬನ್ನಿ, ನಿಮ್ಮೆದುರಿಗೇ ಬಿಚ್ಚಿಸ್ತೀನಿ" ಅಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ ಬಂದ್ರು. ಮೆಕ್ಯಾನಿಕ್ಕು ಹೆಡ್ ತೆಗೆದು, ಪಿಸ್ಟನ್ ಎಳೆದು ಇಟ್ಟ. ಲೈನರ್ ಒಳಗೆ ಉದ್ದಕ್ಕೆ ಗೀರು, ಉಗುರಿಟ್ಟರೆ ಸಿಗ್ತಿತ್ತು. ಮೇಲ್ಗಡೆ ಸವೆದು ಅಂಚು ಬೇರೆ ಬಿದ್ದಿತ್ತು. ನಾನು ಮುಂಗಡ ವಾಪಸ್ಸು ಕೊಡೋಕೆ ಜೇಬಿಗೆ ಕೈ ಹಾಕಿದೆ.

ಅವರು ಕೂತು ಬೇರಿಂಗು ಮುಟ್ಟಿ ನೋಡಿದ್ರು. "ಲೈನರು, ರಿಂಗು ನಾನು ಹಾಕಿಸ್ಕೋತೀನಿ. ಹನ್ನೊಂದು ಸಾವಿರ ಮಾಡಿ" ಅಂದ್ರು. ಮಾಡಿದೆ. ಟ್ರಾಲಿಗೆ ಹತ್ತಿಸುವಾಗ "ಎಣ್ಣೆ ಎಷ್ಟು ದಿನಕ್ಕೆ ಬದಲಾಯಿಸ್ತಿದ್ರಿ?" ಅಂತ ಕೇಳಿದ್ರು. ಅದನ್ನೂ ಇದ್ದಂಗೇ ಹೇಳಿದೆ.