ಮುಧೋಳದಿಂದ ಬನಶಂಕರಿಗೆ: ಕಾರಿನಲ್ಲಿ ಹೊರಟ ಅಕ್ಕತಂಗಿಯರಿಗೆ

ಮುಧೋಳ ಎಂದರೆ ದೂರದ ಊರಿನವರಿಗೆ ಮೊದಲು ನೆನಪಾಗುವುದು ನಮ್ಮ ನಾಯಿ. ಆಮೇಲೆ ಕಬ್ಬು, ಬೆಲ್ಲ. ಶಾಲೆಯ ಪಾಠ ಮರೆಯದವರಿಗೆ ರನ್ನ ಕವಿ. ಹತ್ತನೆಯ ಶತಮಾನದಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿ ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿ ಎನಿಸಿಕೊಂಡವನು ನಮ್ಮ ಊರಿನವನು. ಸರಸ್ವತಿಯ ಖಜಾನೆಯ ಮುದ್ರೆಯನ್ನೇ ಒಡೆದವನು ತಾನು ಎಂಬ ಹೆಮ್ಮೆ ಅವನಿಗಿತ್ತಂತೆ. ಅದೊಂದು ಕಳವಿಗೆ ಮಾತ್ರ ಇಂದಿನವರೆಗೆ ಯಾರೂ ಫಿರ್ಯಾದಿ ಕೊಟ್ಟಿಲ್ಲ ನೋಡಿ! ನಾನು ಬರೆಯಹೊರಟಿರುವುದು ಫಿರ್ಯಾದಿ ಕೊಡಲೇಬೇಕಾದ ಕಳವಿನ ವಿಷಯ.

ನಮ್ಮ ಕಡೆ ಬನದ ಹುಣ್ಣಿಮೆ ಬಂತೆಂದರೆ ಜನ ಬನಶಂಕರಿಗೆ ಹೊರಡುತ್ತಾರೆ. ಜನವರಿಯ ಆಸುಪಾಸಿನಲ್ಲಿ ಬರುವ ಜಾತ್ರೆ ಅದು. ತೇರಿಗೆ ಮುಂಚೆ ಪಲ್ಯೇದ ಹಬ್ಬ. ಅಂದು ತಾಯಿಗೆ ನೂರೆಂಟು ತರಹದ ಕಾಯಿಪಲ್ಯದ ನೈವೇದ್ಯ. ನಾಟಕ ಕಂಪನಿಗಳ ತಂಬು, ಬಳೆ ಅಂಗಡಿ, ಹರಿದ್ರಾತೀರ್ಥದ ಕಟ್ಟೆ, ಎಷ್ಟು ನೋಡಿದರೂ ತಣಿಯುವುದಿಲ್ಲ. ಮೊದಲು ಚಕ್ಕಡಿ ಕಟ್ಟಿಕೊಂಡು ಹೋಗುತ್ತಿದ್ದರು, ಆಮೇಲೆ ಕೆಂಪು ಬಸ್ಸು, ಈಗ ಮನೆಗೊಂದು ಕಾರು. ಮುಧೋಳದಿಂದ ಲೋಕಾಪುರ, ಬಾಗಲಕೋಟೆ, ಬಾದಾಮಿ, ಅಲ್ಲಿಂದ ಐದು ಕಿಲೋಮೀಟರು ಬನಶಂಕರಿ. ನಸುಕಿನಲ್ಲಿ ಹೊರಟರೆ ನಾಷ್ಟಾದ ಹೊತ್ತಿಗೆ ಬಾದಾಮಿ ಮುಟ್ಟಬಹುದು. ಮನಸ್ಸಿದ್ದರೆ ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ ಎಲ್ಲವನ್ನೂ ಒಂದೇ ಸುತ್ತಿನಲ್ಲಿ ಮುಗಿಸಿ ಬರುವವರಿದ್ದಾರೆ. ಲಗ್ನದ ಸೀರೆ ತರುವ ನೆಪದಲ್ಲಿ ಗುಳೇದಗುಡ್ಡ, ಇಳಕಲ್ಲಿಗೂ ಹಣಿಕಿ ಹಾಕುವವರು ನಮ್ಮಂಥ ಹೆಂಗಸರೇ.

ಬಸ್ಸಿನಲ್ಲಿ ಹೋಗುವಾಗ ಚೀಲ ಮಡಿಲಲ್ಲೇ ಇರುತ್ತಿತ್ತು. ಕಾರು ಬಂದ ಮೇಲೆ ಮನೆಯ ಅರ್ಧ ಸಾಮಾನು ಅದರಲ್ಲೇ. ಕಾರಿಗೆ ಬೀಗ ಹಾಕಿದೆವೆಂದರೆ ತಿಜೋರಿಗೆ ಬೀಗ ಹಾಕಿದ ಹಾಗೆ ಅಂತ ತಿಳಿದುಬಿಡುತ್ತೇವೆ. ಅದು ಗಾಜಿನ ತಿಜೋರಿ ಅಂತ ನೆನಪೇ ಇರುವುದಿಲ್ಲ. ಮುಂದಿನ ದೊಡ್ಡ ಗಾಜು ಎರಡು ಪದರದ್ದು, ಒಡೆದರೂ ಹಿಡಿದುಕೊಂಡಿರುತ್ತದೆ. ಪಕ್ಕದ ಗಾಜು ಸಾಮಾನ್ಯವಾಗಿ ಹಾಗಲ್ಲ. ಒಂದು ಪೆಟ್ಟು ಬಿದ್ದರೆ ಕಲ್ಲುಸಕ್ಕರೆಯ ಹಾಗೆ ಪುಡಿಪುಡಿಯಾಗಿ ಉದುರುತ್ತದೆ. ಅಪಘಾತದಲ್ಲಿ ನಮ್ಮ ಮೈ ಸೀಳದಿರಲಿ ಅಂತ ಹಾಗೆ ಮಾಡಿದ್ದು. ಕಳ್ಳನಿಗೆ ಅದೇ ಅನುಕೂಲ.

ಹೋದ ವರ್ಷ ಲಗ್ನಸರಾಯಿಯಲ್ಲಿ ನಮ್ಮ ನಾದಿನಿಯ ಮನೆಯವರು ಹುಬ್ಬಳ್ಳಿಗೆ ಹೊರಟಿದ್ದರು. ದಾರಿಯಲ್ಲಿ ಒಂದು ಖಾನಾವಳಿಯ ಮುಂದೆ ಕಾರು ನಿಲ್ಲಿಸಿ ಊಟಕ್ಕೆ ಕುಳಿತದ್ದು ಅರ್ಧ ತಾಸು. ಹೊರಗೆ ಬಂದರೆ ಹಿಂದಿನ ಬಾಗಿಲಿನ ಗಾಜಿಲ್ಲ, ಸೀಟಿನ ಮೇಲಿದ್ದ ಚೀಲವೂ ಇಲ್ಲ. ಚೀಲದಲ್ಲಿ ನಮ್ಮ ಅತ್ತೆಯವರ ಬೋರಮಾಳ ಸರ ಇತ್ತು. ಅತ್ತೆಯವರು ತೀರಿಕೊಳ್ಳುವ ಮೊದಲು ಮಗಳ ಕೈಗೆ ಕೊಟ್ಟದ್ದು. ಅದು ಇಂದಿಗೂ ಸಿಕ್ಕಿಲ್ಲ.

ನಾದಿನಿ ನನಗೆ ಫೋನ್ ಮಾಡಿದಾಗ ಅಳುತ್ತಾಳೆಂದುಕೊಂಡೆ. ಅವಳು ಅಂದದ್ದು ಬೇರೆ: "ವೈನಿ, ಸರದ ಮಾತು ಆಮ್ಯಾಲಿರ್ಲಿ. ಮನೀ ಕೀಲಿ ಅದ್ರಾಗ ಐತಿ. ನಾಕೂ ಮಂದೀ ಆಧಾರ ಕಾರ್ಡೂ ಅದ್ರಾಗ. ನೀವು ಮದಲ ನಮ್ಮ ಮನೀಗೆ ಹೋಗ್ರಿ."

ಅವಳ ತಲೆ ಎಷ್ಟು ಚುರುಕಾಗಿ ಓಡಿತು ನೋಡಿ. ಆಧಾರ ಕಾರ್ಡಿನಲ್ಲಿ ಮನೆಯ ವಿಳಾಸ ಇದೆ. ಕೀಲಿ ಜೊತೆಗೇ ಇದೆ. ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಲಗ್ನಪತ್ರಿಕೆ ಬಿದ್ದಿತ್ತು. ಯಾವ ದಿನ, ಯಾವ ಊರು, ಎಷ್ಟು ಗಂಟೆಗೆ ಅಕ್ಷತೆ ಎಂದೆಲ್ಲ ಅಚ್ಚುಹಾಕಿಸಿ ಇಟ್ಟ ಹಾಗೆ. "ನಾಳೆ ಸಂಜೆಯವರೆಗೆ ನಮ್ಮ ಮನೆಯಲ್ಲಿ ಯಾರೂ ಇರುವುದಿಲ್ಲ" ಎಂದು ಬೋರ್ಡು ಹಾಕಿದರೂ ಇದಕ್ಕಿಂತ ಸ್ಪಷ್ಟವಾಗಿ ಹೇಳಲಾಗುತ್ತಿರಲಿಲ್ಲ. ಆ ರಾತ್ರಿ ಒಂಬತ್ತಕ್ಕೆ ನಮ್ಮವರು ಬಡಿಗೇರನನ್ನು ಕರೆದುಕೊಂಡು ಬಂದು ಅವರ ಮನೆಯ ಕೀಲಿ ಬದಲಾಯಿಸಿದರು. ನಾವಿಬ್ಬರೂ ಅಲ್ಲೇ ದೀಪ ಹಚ್ಚಿಟ್ಟು ಮಲಗಿದೆವು. ಮಲಗಿದೆವು ಎನ್ನುವುದು ಮಾತಿಗೆ ಮಾತ್ರ.

ಪೊಲೀಸರು ಕೇಳಿದ ಮೊದಲ ಪ್ರಶ್ನೆ, ಸರ ಎಷ್ಟು ತೊಲದ್ದು, ಫೋಟೋ ಇದೆಯೇ, ರಸೀದಿ ಇದೆಯೇ ಎಂದು. ಅರವತ್ತು ವರ್ಷದ ಹಿಂದಿನ ಸರಕ್ಕೆ ರಸೀದಿ ಎಲ್ಲಿಂದ ತರುವುದು? ಅತ್ತೆಯವರ ಒಂದೇ ಫೋಟೋ ಸಿಕ್ಕಿತು. ಅದರಲ್ಲಿ ಸರದ ಅರ್ಧ ಸೆರಗಿನ ಮರೆಯಲ್ಲಿದೆ. ಆದ್ದರಿಂದ ಈ ಓದು ಮುಗಿದ ಕೂಡಲೇ, ಒಲೆಯ ಮೇಲೆ ಏನೂ ಇಲ್ಲದಿದ್ದರೆ, ನಿಮ್ಮ ಬೋರಮಾಳ, ಪಾಟ್ಲಿ, ಬಿಲ್ವಾರ, ಟೀಕಿ ಎಲ್ಲವನ್ನೂ ಒಂದು ಬಿಳಿ ಬಟ್ಟೆಯ ಮೇಲೆ ಹಾಸಿ ಒಂದೊಂದನ್ನೇ ಫೋಟೋ ತೆಗೆಯಿರಿ. ಪರಿಚಯದ ಅಕ್ಕಸಾಲಿಗರ ಹತ್ತಿರ ತೂಕ ಮಾಡಿಸಿ ಒಂದು ಹಾಳೆಯಲ್ಲಿ ಬರೆದಿಡಿ. ಒಂದು ಪ್ರತಿ ತವರಿನವರ ಬಳಿಯೂ ಇರಲಿ.

ಬಂಗಾರ ಲಾಕರಿನಲ್ಲಿಡಿ ಎಂದರೆ ಕೆಲವರು ತಕ್ಷಣ ಮನಗೂಳಿಯ ಹೆಸರು ಹೇಳುತ್ತಾರೆ. 2025ರ ಮೇ ತಿಂಗಳಲ್ಲಿ ನಮ್ಮ ಪಕ್ಕದ ವಿಜಯಪುರ ಜಿಲ್ಲೆಯ ಮನಗೂಳಿಯ ಬ್ಯಾಂಕಿನಿಂದ ಸುಮಾರು 59 ಕಿಲೊ ಬಂಗಾರ ಹೋದದ್ದು ನಿಜ. ಹಾಗಂತ ಅದನ್ನು ಕಾರಿನ ಸೀಟಿನ ಮೇಲೆ ಇಟ್ಟುಕೊಂಡು ಊರೂರು ತಿರುಗುವುದು ಯಾವ ಜಾಣತನ? ಲಾಕರಿಗೆ ಒಂದು ಹೊಣೆಗಾರಿಕೆಯಾದರೂ ಇದೆ. 2022ರ ಜನವರಿಯಿಂದ ಬಂದ ರಿಸರ್ವ್ ಬ್ಯಾಂಕಿನ ನಿಯಮದಂತೆ, ಕಳವು, ಬೆಂಕಿ ಅಥವಾ ಸಿಬ್ಬಂದಿಯ ಮೋಸದಿಂದ ಲಾಕರಿನದು ಹೋದರೆ ಬ್ಯಾಂಕು ವರ್ಷದ ಬಾಡಿಗೆಯ ನೂರು ಪಟ್ಟಿನವರೆಗೆ ಕೊಡಬೇಕು. ಕಾರಿನ ವಿಮೆ ಮಾತ್ರ ಒಡೆದ ಗಾಜಿಗೆ ಕೊಟ್ಟೀತು, ಅದೂ ಪೂರ್ಣ ವಿಮೆ ಇದ್ದರೆ. ಒಳಗಿನ ಸರಕ್ಕೂ ಸೀರೆಗೂ ಸಾಮಾನ್ಯವಾಗಿ ಕೊಡುವುದಿಲ್ಲ. ಪ್ರಯಾಣದ ಸಾಮಾನಿಗೆ ಬೇರೆ ಹಣ ಕಟ್ಟಿ ರಕ್ಷಣೆ ತೆಗೆದುಕೊಂಡಿರಬೇಕು. ನಾದಿನಿಗೆ ಇದು ಗೊತ್ತಾದದ್ದು ಆಮೇಲೆ.

ಇನ್ನು ನಮ್ಮ ನಾಯಿಯ ಮಾತು. ಘೋರ್ಪಡೆ ಅರಸರು ಸಾಕಿ ಬೆಳೆಸಿದ ತಳಿ ಇದು. 2005ರಲ್ಲಿ ಇದರ ಅಂಚೆಚೀಟಿ ಬಂತು. ಊರ ಹತ್ತಿರದ ತಿಮ್ಮಾಪುರದಲ್ಲಿ ಇದಕ್ಕೆಂದೇ ಸಂಶೋಧನಾ ಕೇಂದ್ರವಿದೆ. ಸೈನ್ಯದವರೂ ಇಲ್ಲಿಂದ ಮರಿ ಒಯ್ದಿದ್ದಾರೆ. ಬೇರೆ ನಾಯಿಗಳು ಮೂಗಿನಿಂದ ಬೇಟೆ ಹುಡುಕಿದರೆ ನಮ್ಮದು ಕಣ್ಣಿನಿಂದ ಹುಡುಕುತ್ತದೆ. ದೂರದಲ್ಲಿ ಮೊಲ ಅಲುಗಿತೋ, ಬಾಣದ ಹಾಗೆ ಹೋಯಿತು. ಕಾರಿನ ಕಳ್ಳನೂ ಅದೇ ಜಾತಿ (ನಾಯಿ ನನ್ನನ್ನು ಕ್ಷಮಿಸಲಿ). ಅವನೂ ಕಣ್ಣಿಗೆ ಬಿದ್ದುದಕ್ಕೇ ಹಾರುತ್ತಾನೆ. ಖಾಲಿ ಕಾರಿನ ಗಾಜು ಒಡೆದು ಅವನಿಗೆ ಲಾಭವಿಲ್ಲ. ಹಾಗಾಗಿ ಸೀಟಿನ ಮೇಲೆ ಏನೂ ಕಾಣಬಾರದು. ಲ್ಯಾಪ್‌ಟಾಪಿನ ಚೀಲ ಬಿಡಿ, ಖಾಲಿ ಕ್ಯಾರಿಬ್ಯಾಗೂ ಬೇಡ, ಫೋನಿನ ಚಾರ್ಜರ್ ವೈರೂ ಬೇಡ. ಒಳಗೆ ಸೀರೆ ಇದೆಯೋ ಸೊಪ್ಪು ಇದೆಯೋ ಅವನಿಗೇನು ಗೊತ್ತು?

ಡಿಕ್ಕಿಯಲ್ಲಿ ಇಡುವುದಾದರೆ ಮನೆಯಲ್ಲೇ ಇಟ್ಟು ಹೊರಡಿ. ಬಾದಾಮಿಯ ಮೇಣಬಸದಿಯ ಮುಂದೆ ಕಾರು ನಿಲ್ಲಿಸಿ, ಎಲ್ಲರೂ ನೋಡುತ್ತಿರುವಾಗ ಚೀಲವನ್ನು ಸೀಟಿನಿಂದ ಡಿಕ್ಕಿಗೆ ಸಾಗಿಸಿ ಮೆಟ್ಟಿಲು ಹತ್ತುವವರನ್ನು ನಾನು ಪ್ರತಿ ಸಲ ನೋಡುತ್ತೇನೆ. ಅದು ಬಚ್ಚಿಡುವುದಲ್ಲ, ತೋರಿಸಿಕೊಡುವುದು. ನಾಲ್ಕು ಗವಿ ನೋಡಿ, ಮೂರನೆಯದರಲ್ಲಿ ಮಂಗಳೇಶನ ಕ್ರಿ.ಶ. 578ರ ಶಾಸನ ನೋಡಿ, ಅಗಸ್ತ್ಯತೀರ್ಥದ ಕಡೆ ಮುಖ ಮಾಡಿ ಫೋಟೋ ತೆಗೆಸಿಕೊಂಡು ಕೆಳಗಿಳಿಯುವ ಹೊತ್ತಿಗೆ ಒಂದು ತಾಸಿನ ಮೇಲಾಗಿರುತ್ತದೆ. ರೊಕ್ಕ ಮತ್ತು ಫೋನು ಮೈಮೇಲೇ ಇರಲಿ, ಸೊಂಟಕ್ಕೆ ಕಟ್ಟುವ ಸಣ್ಣ ಚೀಲವಾದರೆ ಉತ್ತಮ. ಕೈಯಲ್ಲಿ ಹಿಡಿದ ಚೀಲಕ್ಕೆ ಅಲ್ಲಿ ಬೇರೊಬ್ಬ ಕಳ್ಳನಿದ್ದಾನೆ. ಬಾದಾಮಿಯ ಮಂಗಗಳ ಕೀರ್ತಿ ನಿಮಗೆ ಗೊತ್ತೇ ಇದೆ. ಅವಕ್ಕೆ ಬೇಕಾದ್ದು ನಿಮ್ಮ ಶೇಂಗಾ ಹೋಳಿಗೆ ಮಾತ್ರ, ಆಧಾರ ಕಾರ್ಡಲ್ಲ, ಅಷ್ಟೇ ಸಮಾಧಾನ.

ಕಾಗದಪತ್ರಗಳನ್ನು ಕಾರಿನಲ್ಲೇ ಇಡುವ ರೂಢಿ ಈಗ ಬೇಕಾಗಿಲ್ಲ. ಲೈಸೆನ್ಸು, ಆರ್.ಸಿ. ಪುಸ್ತಕ, ವಿಮೆಯ ಕಾಗದ ಇವನ್ನು ಫೋನಿನ ಡಿಜಿಲಾಕರ್ ಅಥವಾ ಎಂ-ಪರಿವಾಹನದಲ್ಲಿ ತೋರಿಸಿದರೆ ಅಸಲಿಗೆ ಸಮ ಎಂದು ಕೇಂದ್ರ ಸಾರಿಗೆ ಸಚಿವಾಲಯ 2018ರಲ್ಲೇ ಎಲ್ಲ ರಾಜ್ಯಗಳಿಗೂ ತಿಳಿಸಿದೆ. ಆದರೂ ನಮ್ಮ ಮನೆಯ ಗಂಡಸರು "ಇರ್ಲಿ ಬಿಡು, ಪೊಲೀಸ್ರು ಕೇಳ್ತಾರ" ಎಂದು ಅಸಲು ಕಾಗದದ ಕಟ್ಟನ್ನೇ ಮುಂದಿನ ಪೆಟ್ಟಿಗೆಯಲ್ಲಿ ತುರುಕುತ್ತಾರೆ. ಆ ಕಟ್ಟಿನಲ್ಲಿ ಹೆಸರು, ವಿಳಾಸ, ಸಹಿ ಎಲ್ಲವೂ ಇರುತ್ತದೆ. ಲಾಡ್ಜಿನಲ್ಲಿ ಆಧಾರ ಕೇಳಿದರೆ ಮೊದಲ ಎಂಟು ಅಂಕಿ ಮುಚ್ಚಿದ ಪ್ರತಿಯನ್ನು ಕೊಡಬಹುದು. ಆಧಾರದ ಜಾಲತಾಣದಲ್ಲೇ ಸಿಗುತ್ತದೆ, ಮಕ್ಕಳನ್ನು ಕೇಳಿದರೆ ತೆಗೆದುಕೊಡುತ್ತಾರೆ.

ಕಾರಿನ ಹಾಡಿನ ಪೆಟ್ಟಿಗೆಗೆ ಫೋನು ಜೋಡಿಸಿದಾಗ ನಮ್ಮ ಫೋನಿನ ಹೆಸರುಗಳ ಪಟ್ಟಿ ಅದರೊಳಗೂ ಇಳಿದಿರಬಹುದು. ದಾರಿ ತೋರಿಸುವ ಪರದೆಯಲ್ಲಿ ಮನೆಯ ಗುರುತೂ ಉಳಿದಿರಬಹುದು. ಕಾರು ಮಾರುವಾಗ ಅದನ್ನು ಅಳಿಸಿಸಿರಿ, ಫಾಸ್ಟ್ಯಾಗೂ ಮುಚ್ಚಿಸಿರಿ. ಗ್ಯಾರೇಜಿಗೆ ಬಿಡುವಾಗ ಕಾರಿನ ಕೀಲಿಯೊಂದನ್ನೇ ಕೊಡಿ. ಮನೆಯ ಕೀಲಿ, ಗಾಡ್ರೇಜಿನ ಕೀಲಿ ಅದೇ ಗೊಂಚಲಿನಲ್ಲಿ ಏಕೆ?

ಹಾದಿಯಲ್ಲಿ ನಡೆಯುವ ಇನ್ನೊಂದು ನಾಟಕವಿದೆ. ಕಬ್ಬಿನ ಬಿಲ್ಲು ಖಾತೆಗೆ ಬಿದ್ದ ದಿನಗಳಲ್ಲಿ ಬ್ಯಾಂಕಿನ ಮುಂದೆ ನಿಂತು ನೋಡಿದರೆ ತಿಳಿಯುತ್ತದೆ. ರೈತ ರೊಕ್ಕ ತೆಗೆದು ಮೋಟಾರ್ ಸೈಕಲ್ಲಿನ ಪೆಟ್ಟಿಗೆಯಲ್ಲೋ ಕಾರಿನ ಸೀಟಿನ ಮೇಲೋ ಇಡುವುದನ್ನು ಒಬ್ಬ ಗಮನಿಸುತ್ತಾನೆ. ಮುಂದೆ ಹೋಗಿ ಇನ್ನೊಬ್ಬ, "ಯಜಮಾನ್ರ, ನಿಮ್ಮ ರೊಕ್ಕ ಬಿದ್ದಾವ ನೋಡ್ರಿ" ಎಂದು ಹತ್ತಿಪ್ಪತ್ತರ ನೋಟು ತೋರಿಸುತ್ತಾನೆ. ಇಲ್ಲವೇ "ಗಾಡ್ಯಾಗಿಂದ ಎಣ್ಣಿ ಸೋರಾಕತ್ತೈತಿ", ಇಲ್ಲವೇ ಅಂಗಿಯ ಮೇಲೆ ಹೊಲಸು. ಇಳಿದು ಬಗ್ಗುವಷ್ಟರಲ್ಲಿ ಆ ಕಡೆಯ ಬಾಗಿಲು ತೆರೆದು ಚೀಲ ಹೋಗಿರುತ್ತದೆ. ಕರ್ನಾಟಕದ ಎಲ್ಲ ಊರುಗಳಲ್ಲೂ ನಡೆದು ಹಳಸಿದ ಆಟ ಇದು. ಆದರೂ ನಡೆಯುತ್ತಲೇ ಇದೆ. ಯಾರೇ ಏನೇ ಹೇಳಲಿ, ಗಾಜು ಏರಿಸಿ, ಬೀಗ ಹಾಕಿ, ಚೀಲ ಕೈಯಲ್ಲಿ ಹಿಡಿದೇ ಇಳಿಯಿರಿ. ಪೆಟ್ರೋಲ್ ಬಂಕಿನಲ್ಲಿ ಕೂಡ. ರಿಮೋಟು ಒತ್ತಿ ನಡೆದುಬಿಡದೆ ಬಾಗಿಲಿನ ಹಿಡಿಕೆಯನ್ನು ಒಮ್ಮೆ ಎಳೆದು ನೋಡಿ.

ಆದದ್ದು ಆಗಿಯೇ ಹೋದರೆ ಮೊದಲು ಕಾರಿನ ಒಳಗೆ ಕೈಯಾಡಿಸಬೇಡಿ, ಫೋಟೋ ತೆಗೆದು 112ಕ್ಕೆ ಕರೆಮಾಡಿ. "ಇದು ನಮ್ಮ ಹದ್ದಿನದಲ್ಲ" ಎಂದು ಠಾಣೆಯವರು ಹಿಂದೆ ಕಳಿಸುವಂತಿಲ್ಲ. 2024ರ ಜುಲೈ 1ರಿಂದ ಬಂದ ಹೊಸ ಕಾಯಿದೆಯಲ್ಲಿ ಕಳವು ಎಲ್ಲೇ ಆಗಿರಲಿ, ಯಾವ ಠಾಣೆಯಲ್ಲಾದರೂ ದೂರು ಬರೆಸಿಕೊಳ್ಳಬೇಕೆಂದಿದೆ. ದೂರಿನ ಪ್ರತಿ ಪುಕ್ಕಟೆ ಕೊಡಬೇಕು, ಕೇಳಿ ಪಡೆಯಿರಿ.

ಅದಕ್ಕೂ ಮೊದಲು, ಅಳುವುದಕ್ಕೂ ಮೊದಲು, ಬ್ಯಾಂಕಿಗೆ ಫೋನ್ ಮಾಡಿ ಕಾರ್ಡು ನಿಲ್ಲಿಸಿ. ಈಗಿನ ಕಾರ್ಡಿನಲ್ಲಿ ಐದು ಸಾವಿರ ರೂಪಾಯಿಯವರೆಗೆ ಗುಪ್ತಸಂಖ್ಯೆ ಇಲ್ಲದೆಯೂ ಯಂತ್ರಕ್ಕೆ ತಾಗಿಸಿ ಖರೀದಿ ಮಾಡಬಹುದು. ಆ ಸೌಲಭ್ಯ ಬೇಡವೆಂದರೆ ಮೊದಲೇ ನಿಲ್ಲಿಸಿಡಬಹುದು, ನಾನು ನಿಲ್ಲಿಸಿದ್ದೇನೆ. ನೀವು ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ನಿಮ್ಮದಲ್ಲ, ಬ್ಯಾಂಕಿನದು. 2017ರಲ್ಲಿ ರಿಸರ್ವ್ ಬ್ಯಾಂಕು ಹಾಗೆಂದು ಸುತ್ತೋಲೆ ಹೊರಡಿಸಿದೆ. ಚೆಕ್ ಪುಸ್ತಕ ಹೋಗಿದ್ದರೆ ಅದನ್ನೂ ತಡೆಹಿಡಿಸಿ. ಫೋನೂ ಹೋಗಿದ್ದರೆ ಸಿಮ್ ಮುಚ್ಚಿಸಿ, 2023ರಲ್ಲಿ ಕೇಂದ್ರದವರು ತೆರೆದ ಸಂಚಾರ್ ಸಾಥಿಯಲ್ಲಿ ಆ ಫೋನನ್ನೇ ನಿರುಪಯೋಗಿ ಮಾಡಿಸಬಹುದು. ಖಾತೆಯಿಂದ ಹಣ ಹೋದದ್ದು ಕಂಡರೆ 1930. ಆಧಾರದ ಬೆರಳಚ್ಚಿಗೂ ಬೀಗ ಹಾಕುವ ಅನುಕೂಲ ಇದೆ. ಈ ನಂಬರುಗಳು ಫೋನಿನಲ್ಲಿದ್ದರೆ ಸಾಲದು. ಫೋನೇ ಹೋದರೆ? ನಾದಿನಿ ಈಗ ಒಂದು ಚೀಟಿಯಲ್ಲಿ ಬರೆದು ಕುಂಕುಮದ ಕರಡಿಗೆಯೊಳಗೆ ಮಡಚಿ ಇಟ್ಟಿದ್ದಾಳೆ. ಕಾರ್ಡಿನ ಗುಪ್ತಸಂಖ್ಯೆ ಮಾತ್ರ ಆ ಚೀಟಿಯಲ್ಲಿಲ್ಲ, ಅದನ್ನು ಬಾಯಿಪಾಠ ಮಾಡಿಕೊಂಡಿದ್ದಾಳೆ.

ಈ ಸಲ ಬನದ ಹುಣ್ಣಿಮೆಗೆ ಎರಡು ಮನೆಯವರೂ ಒಟ್ಟಿಗೆ ಹೋಗಿದ್ದೆವು. ಬಂಗಾರ ಲಾಕರಿನಲ್ಲಿತ್ತು, ಕೊರಳಲ್ಲಿ ತಾಳಿ ಒಂದೇ. ಪಾಳಿಯ ಮೇಲೆ ಒಬ್ಬರು ಕಾರಿನ ಹತ್ತಿರ ಉಳಿಯುವುದೆಂದು ಮಾತಾಯಿತು. ಗುಡಿಯ ಹೊರಗೆ ಬುಟ್ಟಿ ಹೊತ್ತು ಬರುವ ಹೆಂಗಸರನ್ನು ನೀವು ನೋಡಿರಬೇಕು. ಸಜ್ಜಿ ರೊಟ್ಟಿ, ಬಿಳಿಜೋಳದ ರೊಟ್ಟಿ, ಕಾಳುಪಲ್ಯ, ಕೆಂಪು ಚಟ್ನಿ, ಗಟ್ಟಿ ಮೊಸರು. ಮರದ ನೆರಳಲ್ಲಿ ಕುಳಿತು ಉಣ್ಣುವಾಗ ನಮ್ಮ ಪಾಳಿಯ ಕಾವಲುಗಾರರಾದ ನಮ್ಮವರು ಕಾರಿನ ಕಡೆಯಿಂದ ಕೂಗಿದರು: "ನನಗೂ ಎರಡ ರೊಟ್ಟಿ ಇಟ್ಟಿರ್ರೀ, ಪಾಳಿ ಮುಗೀಲಿಕ್ಕೆ ಇನ್ನೂ ಹತ್ತು ನಿಮಿಷ ಐತಿ!"