ಸೀರೋಸ್ ದ್ವೀಪದ ಸದ್ದಿಲ್ಲದ ಬಂಡಿ

ಗ್ರೀಸ್ ದೇಶದ ಪಿರಯಸ್ ರೇವಿನಿಂದ ಹೊರಟ ಹಡಗು ಏಜಿಯನ್ ಸಮುದ್ರದ ಕಡುನೀಲಿಯಲ್ಲಿ ಕೆಲವು ಗಂಟೆಗಳ ಕಾಲ ಸಾಗಿದ ಮೇಲೆ, ಎರಡು ಬೆಟ್ಟಗಳು ಹೆಗಲಿಗೆ ಹೆಗಲು ಕೊಟ್ಟು ನಿಂತಂತಿರುವ ದ್ವೀಪವೊಂದು ಎದುರಾಗುತ್ತದೆ. ಅದೇ ಸೀರೋಸ್. ಒಂದು ಬೆಟ್ಟದ ನೆತ್ತಿಯಲ್ಲಿ ಕ್ಯಾಥೊಲಿಕ್ಕರ ಇಗರ್ಜಿ, ಇನ್ನೊಂದರ ನೆತ್ತಿಯಲ್ಲಿ ಆರ್ಥೊಡಾಕ್ಸ್ ಪಂಥದವರ ಇಗರ್ಜಿ. ಬುಡದಿಂದ ತುದಿಯವರೆಗೆ ಮೆಟ್ಟಿಲು ಮೆಟ್ಟಿಲಾಗಿ ಮನೆಗಳು. ಕೆಳಗೆ ಕಡಲಂಚಿನಲ್ಲಿರುವುದು ಎರ್ಮೂಪೊಲಿ ಪಟ್ಟಣ. 1820ರ ದಶಕದ ಸ್ವಾತಂತ್ರ್ಯಯುದ್ಧದ ದಿನಗಳಲ್ಲಿ ಬೇರೆ ದ್ವೀಪಗಳಿಂದ ಜೀವ ಉಳಿಸಿಕೊಂಡು ಓಡಿಬಂದವರು ಕಟ್ಟಿದ ಈ ಊರಿಗೆ ವ್ಯಾಪಾರದ ದೇವತೆ ಹರ್ಮಿಸನ ಹೆಸರಿಟ್ಟರು. ಹೆಸರು ಹುಸಿಯಾಗಲಿಲ್ಲ. 1861ರಲ್ಲಿ ಇಲ್ಲಿ ನಿಯೋರಿಯನ್ ಎಂಬ ಹಡಗುಕಟ್ಟೆ ಆರಂಭವಾಯಿತು. ಅದರ ಸುತ್ತ ಕಾರ್ಖಾನೆಗಳ ಹೊಗೆಗೊಳವೆಗಳು ಎದ್ದವು.

ಸಾಮಾನ್ಯ ಪ್ರವಾಸಿಗನು ಅಮೃತಶಿಲೆ ಹಾಸಿದ ಚೌಕವನ್ನು ಸುತ್ತಿ, ಪೆಟ್ಟಿಗೆಯಲ್ಲಿ ಲುಕುಮಿ ಎಂಬ ಮೆತ್ತನೆಯ ಮಿಠಾಯಿ ಕಟ್ಟಿಸಿಕೊಂಡು ಮುಂದಿನ ದ್ವೀಪಕ್ಕೆ ಹೊರಟುಬಿಡುತ್ತಾನೆ. ಊರಿನ ಕೈಗಾರಿಕಾ ವಸ್ತುಸಂಗ್ರಹಾಲಯದ ಕಡೆಗೆ ಹೆಜ್ಜೆ ಹಾಕುವವರು ಕೆಲವರೇ. ಬಣ್ಣ ತಯಾರಿಸುತ್ತಿದ್ದ ಹಳೆಯ ಕಾರ್ಖಾನೆ, ಚರ್ಮ ಹದಮಾಡುತ್ತಿದ್ದ ಕಟ್ಟಡ, ಬಂದೂಕಿಗೆ ಸೀಸದ ಗುಂಡು ಎರೆಯುತ್ತಿದ್ದ ಕಾರ್ಖಾನೆ, ಇವೆಲ್ಲ ಆ ಸಂಗ್ರಹಾಲಯಕ್ಕೆ ಸೇರಿವೆ. ಹಡಗಿನ ಯಂತ್ರಗಳ ನಡುವೆ ಅಲ್ಲಿ ಮೊಟ್ಟೆಯಂಥ ಪುಟ್ಟ ಕಾರೊಂದನ್ನು ಇಟ್ಟಿದ್ದಾರೆ. ಅದರ ಹೆಸರು ಎನ್‌ಫೀಲ್ಡ್ 8000. ಹೆಸರು ಕೇಳಿದೊಡನೆ ನಮ್ಮವರಿಗೆ ಬುಲೆಟ್ ಮೋಟಾರು ಸೈಕಲ್ಲಿನ ಗುಡುಗು ನೆನಪಾಗುವುದು ಸಹಜ. ಆದರೆ ಈ ಬಂಡಿಗೆ ಸದ್ದೇ ಇಲ್ಲ. ಇದು ವಿದ್ಯುತ್ತಿನಿಂದ ಓಡುವ ಕಾರು.

ಇದರ ಜಾತಕ ವಿಚಿತ್ರವಾದುದು. ಹುಟ್ಟಿದ್ದು ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪದಲ್ಲಿ, ಬೆಳೆದದ್ದು ಸೀರೋಸ್ ದ್ವೀಪದಲ್ಲಿ. ಎರಡನ್ನೂ ಕೂಡಿಸಿದವನು ಜಾನ್ ಗೌಲಾಂದ್ರಿಸ್ ಎಂಬ ಗ್ರೀಕ್ ಹಡಗುಗಳ ಒಡೆಯ. 1973ರಲ್ಲಿ ಅರಬ್ ದೇಶಗಳು ಎಣ್ಣೆಯ ನಲ್ಲಿಯನ್ನು ಬಿಗಿದಾಗ ಇಂಥ ಕಾರಿಗೆ ಕಾಲ ಕೂಡಿಬಂತೆಂದೇ ತೋರಿತು. ಅಲ್ಯೂಮಿನಿಯಮ್ಮಿನ ಮೈ, 48 ವೋಲ್ಟಿನ ಸೀಸದ ಬ್ಯಾಟರಿಗಳು, 8 ಅಶ್ವಶಕ್ತಿಯ ಮೋಟಾರು. ಪೇಟೆಗೆ ಹೋಗಿಬರಲು ಸಾಕು. ಆದರೆ ಬೆಲೆ ಆಗಿನ ಮಿನಿ ಕಾರಿನ ಬೆಲೆಗಿಂತ ಬಹಳ ಹೆಚ್ಚು. ಇಂಗ್ಲೆಂಡಿನ ವಿದ್ಯುತ್ ಮಂಡಲಿಯು ಅರುವತ್ತಕ್ಕೂ ಹೆಚ್ಚು ಕಾರುಗಳನ್ನು ಪರೀಕ್ಷೆಗೆಂದು ಕೊಂಡಿತು. ಸುಮಾರು 120 ಕಾರುಗಳು ತಯಾರಾಗುವಷ್ಟರಲ್ಲಿ ಕಥೆ ಮುಗಿಯಿತು.

ಹೀಗೆ ಅಕಾಲದಲ್ಲಿ ನಿಂತುಹೋದ ವಿದ್ಯುದ್ವಾಹನಗಳನ್ನು ಹುಡುಕಿ ತಂದು ಮತ್ತೆ ಓಡಿಸುವುದೇ ಇಂದು ಕೆಲವರ ಹವ್ಯಾಸ. ಇಂಗ್ಲೆಂಡಿನಲ್ಲಿ ಮನೆಮನೆಗೆ ಹಾಲು ಹಂಚುತ್ತಿದ್ದ ಬ್ಯಾಟರಿ ಗಾಡಿಗಳನ್ನೂ ಅವರು ಬಿಟ್ಟಿಲ್ಲ. ಹಳೆಯ ಪೆಟ್ರೋಲ್ ಕಾರನ್ನು ದುರಸ್ತಿ ಮಾಡುವವನ ಸಂಕಟವೇ ಬೇರೆ, ಇವರ ಸಂಕಟವೇ ಬೇರೆ. ವಿದ್ಯುತ್ ಮೋಟಾರು ದೀರ್ಘಾಯುಷಿ. ತಿರುಗುವ ತಾಮ್ರದ ಭಾಗವನ್ನು ಉಜ್ಜಿ, ಸವೆದ ಕಾರ್ಬನ್ ಬ್ರಷ್ಷುಗಳನ್ನು ಬದಲಿಸಿ, ಒಣಗಿ ಬಿರಿದ ತಂತಿಯ ಹೊದಿಕೆಯನ್ನು ಸರಿಪಡಿಸಿದರೆ, ಅರ್ಧ ಶತಮಾನದ ಹಿಂದಿನ ಮೋಟಾರೂ ನಿನ್ನೆ ಮಲಗಿ ಇಂದು ಎದ್ದಂತೆ ತಿರುಗಬಲ್ಲುದು. ಅಲ್ಪಾಯುಷಿಯಾದುದು ಬ್ಯಾಟರಿ. ಚಾರ್ಜು ಮಾಡದೆ ಕೆಲವು ತಿಂಗಳು ಬಿಟ್ಟರೆ ಸಾಕು, ಸೀಸದ ಫಲಕಗಳ ಮೇಲೆ ಸಲ್ಫೇಟಿನ ಬಿಳಿಯ ಹರಳು ಗಟ್ಟಿಯಾಗಿ ಕೂತುಬಿಡುತ್ತದೆ. ಮತ್ತೆ ಅದು ಕರಗುವುದು ಕಷ್ಟ. ಹೊಸ ಬ್ಯಾಟರಿಗಳ ಬೆಲೆಯೋ, ಹಳೆಯ ಕಾರಿನ ಬೆಲೆಯನ್ನೇ ಮೀರುವುದುಂಟು. ಸತ್ತ ಬ್ಯಾಟರಿಯ ಸೀಸಕ್ಕೆ ಮಾತ್ರ ಗುಜರಿಯಲ್ಲಿ ಒಳ್ಳೆಯ ಬೆಲೆ. ಇಂಥ ಗಾಡಿಗಳು ಎಲ್ಲಿ ಮಾಯವಾದವೆಂದು ಬೇರೆ ಹುಡುಕಬೇಕಾಗಿಲ್ಲ.

ಹಾಗಾದರೆ ಜೀರ್ಣೋದ್ಧಾರ ಹೇಗೆ? ಈ ಮಾತು ನಮ್ಮ ದೇವಾಲಯಗಳ ವಿಷಯದಲ್ಲಿ ಎಬ್ಬಿಸಿರುವ ಜಗಳವನ್ನು ಎಲ್ಲರೂ ಬಲ್ಲರು. ಬಿದ್ದ ಕಲ್ಲನ್ನೇ ಎತ್ತಿ ನಿಲ್ಲಿಸಬೇಕೆಂಬವರೊಬ್ಬರು, ನುಣುಪು ಹಾಸುಗಲ್ಲು ಹಾಕಿ ಬಣ್ಣ ಬಳಿಯಬೇಕೆಂಬವರೊಬ್ಬರು. ಹಳೆಯ ವಿದ್ಯುದ್ವಾಹನಗಳ ಉಪಾಸಕರಲ್ಲಿಯೂ ಈ ಎರಡು ಪಂಥಗಳಿವೆ. ಮೊದಲನೆಯವರು ಸೀಸದ ಬ್ಯಾಟರಿಯನ್ನೇ ಹಾಕಿ, ಅದು ಮೂರು ನಾಲ್ಕು ವರ್ಷಕ್ಕೊಮ್ಮೆ ಸತ್ತರೂ ಸಹಿಸಿಕೊಳ್ಳುತ್ತಾರೆ. ಎರಡನೆಯವರು ಹಗುರವಾದ ಲಿಥಿಯಂ ಬ್ಯಾಟರಿಯನ್ನು ತಂದು ಕೂರಿಸುತ್ತಾರೆ.

ಎರಡನೆಯ ಪಂಥದ ಪರಮಾವಧಿಯನ್ನು ಕಂಡದ್ದು ಇಂಗ್ಲೆಂಡಿನ ಸಾಂಟಾ ಪಾಡ್. ಎರಡನೆಯ ಮಹಾಯುದ್ಧದ ಕಾಲದ ವಿಮಾನನಿಲ್ದಾಣವು 1966ರಲ್ಲಿ ನೇರ ಓಟದ ಪಂದ್ಯಗಳ ಹಾದಿಯಾಗಿ ಮಾರ್ಪಟ್ಟ ಸ್ಥಳವದು. ದೂರದರ್ಶನದ ನಿರೂಪಕ ಜಾನಿ ಸ್ಮಿತ್ ಎಂಬಾತ 1974ರ ಎನ್‌ಫೀಲ್ಡ್ 8000 ಒಂದನ್ನು ಸಂಪಾದಿಸಿ, ಅದಕ್ಕೆ ಎರಡು ಮೋಟಾರುಗಳನ್ನೂ ಲಿಥಿಯಂ ಬ್ಯಾಟರಿಗಳನ್ನೂ ಜೋಡಿಸಿದ. ಎಂಟು ಕುದುರೆಗಳಿದ್ದ ಲಾಯಕ್ಕೆ ನೂರುಗಟ್ಟಲೆ ಕುದುರೆಗಳನ್ನು ನುಗ್ಗಿಸಿದಂತಾಯಿತು! 2016ರಲ್ಲಿ ಆ ಮೊಟ್ಟೆ ಕಾರು ಕಾಲು ಮೈಲಿಯನ್ನು 9.86 ಸೆಕೆಂಡಿನಲ್ಲಿ ಮುಗಿಸಿತು. ಸಾಂಟಾ ಪಾಡ್‌ನಲ್ಲಿ ನೆರೆದವರು ಘರ್ಜನೆ ಕೇಳಿ ಪಳಗಿದವರು. ಟಯರಿನ ಚೀರಾಟವೊಂದನ್ನು ಬಿಟ್ಟರೆ ಅಂದು ಅವರಿಗೆ ಕೇಳಲು ಹೆಚ್ಚೇನೂ ಇರಲಿಲ್ಲ.

ಇದನ್ನು ಅಪಚಾರವೆನ್ನುವವರಿರಬಹುದು. 120ರಲ್ಲಿ ಒಂದನ್ನು ಹೀಗೆ ಕೊಯ್ದು ಹೊಲಿಯಬಹುದೆ ಎಂಬ ಪ್ರಶ್ನೆ ತಳ್ಳಿಹಾಕುವಂಥದಲ್ಲ. ಒಂದೆರಡಾದರೂ ಹುಟ್ಟಿದಂತೆಯೇ ಉಳಿಯಬೇಕು. ಸೀರೋಸ್‌ನ ಕಾರು ಆ ಕೆಲಸ ಮಾಡುತ್ತಿದೆ. ಆದರೆ ಉಳಿದವು ಓಡಬೇಕಾದರೆ ಬ್ಯಾಟರಿ ಬದಲಾಗಲೇಬೇಕು. ಹುಟ್ಟುವಾಗ ಪಡೆದ ಹೃದಯದೊಡನೆ ಬದುಕಿರುವ ಹಳೆಯ ವಿದ್ಯುತ್ ಕಾರು ಎಲ್ಲಿದೆ? ಓಡಿಸಲು ಆಸೆಪಟ್ಟವನು ಮಾರ್ಪಾಟಿಗೆ ಹೆದರಿ ಕುಳಿತರೆ, ಮುಂದೆ ಬರುವವನು ಗುಜರಿಯವನು.

ಈ ಮಾತು ಬೆಂಗಳೂರಿಗೂ ಸಲ್ಲುತ್ತದೆ. 2001ರಲ್ಲಿ ನಮ್ಮೂರಿನ ಕಾರ್ಖಾನೆಯಿಂದ ಹೊರಬಿದ್ದ ರೇವಾ ಕಾರನ್ನು ಮರೆತವರುಂಟೆ? ಸಿಗ್ನಲ್ಲಿನಲ್ಲಿ ಅದು ಪಕ್ಕಕ್ಕೆ ಬಂದು ನಿಂತರೆ ಹಿಂದಿನ ಸೀಟಿನ ಮಕ್ಕಳು ಕಿಟಕಿಗೆ ಮುಖವೊತ್ತಿ ನೋಡುತ್ತಿದ್ದರು. ಲಂಡನ್ನಿನಲ್ಲಿ ಅದು ಜಿ-ವಿಜ್ ಎಂಬ ಹೆಸರಿನಿಂದ ನೂರಾರು ಸಂಖ್ಯೆಯಲ್ಲಿ ಓಡಾಡಿತು. ಆಸನದ ಕೆಳಗೆ ಆರು ವೋಲ್ಟಿನ ಎಂಟು ಸೀಸದ ಬ್ಯಾಟರಿಗಳು; ಕೂಡಿದರೆ 48 ವೋಲ್ಟು, ಎನ್‌ಫೀಲ್ಡಿನಷ್ಟೇ. 2012ರ ಹೊತ್ತಿಗೆ ತಯಾರಿಕೆ ನಿಂತಿತು. ಇಂಗ್ಲೆಂಡಿನ ಹವ್ಯಾಸಿಗಳು ಈ ಬೆಂಗಳೂರು ಕಾರಿನ ಎಂಟು ಪೆಟ್ಟಿಗೆಗಳನ್ನು ಇಳಿಸಿ, ಲಿಥಿಯಂ ತುಂಬಿ, ಈಗಲೂ ಸಂತೆಗೆ ಹೋಗಿಬರುತ್ತಾರೆ. ಹುಟ್ಟೂರಿನಲ್ಲಿ ಮಾತ್ರ ಎಷ್ಟೋ ರೇವಾಗಳು ಗುಜರಿ ಸೇರಿದವು. ಕೆಲವು ಅಂಗಳದ ಮೂಲೆಯಲ್ಲಿ ಧೂಳು ಹೊದ್ದು ಕೂತಿವೆ. ಮೈ ಪ್ಲಾಸ್ಟಿಕ್ಕಿನದಾದ್ದರಿಂದ ಅದಕ್ಕೆ ತುಕ್ಕಿನ ಭಯವಿಲ್ಲ.

ಅಂಥದೊಂದು ಮನೆಯಲ್ಲಿದ್ದರೆ, ಮೊದಲ ಕೆಲಸಕ್ಕೆ ಲಿಥಿಯಂ ಬೇಕಿಲ್ಲ. ಕೈಗೆ ರಬ್ಬರಿನ ಚೀಲ, ಕಣ್ಣಿಗೆ ಕನ್ನಡಕ ತೊಟ್ಟು, ಬ್ಯಾಟರಿಗಳ ನಡುವಣ ಕೊಂಡಿಗಳನ್ನು ಬಲ್ಲವರಿಂದ ಕಳಚಿಸಿ, ಒಂದೊಂದಾಗಿ ಎತ್ತಿ ಹೊರಗಿಡಬೇಕು. ಬಳಿಕ ಆಮ್ಲ ಸುರಿದು ಕಲೆಗಟ್ಟಿರುವ ತಳಕ್ಕೆ ಅಡುಗೆ ಸೋಡ ಕದಡಿದ ನೀರನ್ನು ಸುರಿಯಬೇಕು. ಬುಸುಬುಸು ನೊರೆ ಏಳುತ್ತದೆ. ನೊರೆ ಏಳುವುದು ನಿಲ್ಲುವವರೆಗೂ ಸುರಿಯುತ್ತಿರಬೇಕು.